ಸತ್ತ ಮರಿಗೂ ಒಂದು ಗೆರೆ

ಎರೆಹೊಲಗಳ ನಡುವಿನ ಕಲ್ಲುಗುಡ್ಡದ ಮೇಲೆ ಪೂಜ್ಯ ಹಾಲಮ್ಮ ತಾಯಿಯವರು ವಾಸವಾಗಿದ್ದರು. ಅವರಿಗೆ ಮಠವೆಂದರೆ ಕುರಿದೊಡ್ಡಿ, ಗದ್ದುಗೆಯೆಂದರೆ ಹಾಸಿದ ಕರಿಕಂಬಳಿ. ಭಕ್ತರು ಒಪ್ಪಿಸಿದ ಕುರಿಗಳನ್ನು ತಾವೇ ಮೇಯಿಸಿ, ಹುಟ್ಟಿದ ಮರಿಗಳನ್ನು ಬಡ ಕುರುಬರಿಗೆ ಹಂಚುತ್ತಿದ್ದರು. ದೊಡ್ಡಿಯ ಗೋಡೆಯಲ್ಲಿ ಒಂದೊಂದು ತಾಯಿಕುರಿಗೂ ಒಂದೊಂದು ಕಲ್ಲನ್ನು ಗೊತ್ತುಮಾಡಿದ್ದರು. ಮರಿ ಹುಟ್ಟಿದರೆ ಆ ಕಲ್ಲಿನ ಮೇಲೆ ಸುಣ್ಣದ ಗೆರೆ, ಗೆರೆಯ ತಲೆಯ ಮೇಲೆ ತಂದೆ ಟಗರಿನ ಗುರುತು, ಹಾಲು ಬಿಡಿಸಿದಾಗ ತೂಗಿದ ತೂಕಕ್ಕೆ ಚುಕ್ಕಿಗಳು. ಮರಿ ಸತ್ತರೆ ಇದ್ದಿಲಿನ ಕರಿಗೆರೆ.

ಕುರಿಗಳು ಈಯುವ ಕಾಲದ ಒಂದು ಮುಂಜಾನೆ ಹೊನ್ನಕಟ್ಟಿಯ ಅಮೋಗೆಪ್ಪ ನಾಲ್ಕಾರು ಮಂದಿಯೊಡನೆ ಗುಡ್ಡವೇರಿ ಬಂದನು. ಅವನ ದೊಡ್ಡ ಕೋಡಿನ ಟಗರು ಸೀಮೆಗೆಲ್ಲ ಹೆಸರಾಗಿತ್ತು. ತಾಯಿಯವರ ಹಿಂಡಿಗೂ ಅದನ್ನು ಕೆಲವು ವರ್ಷ ಬಿಟ್ಟಿದ್ದನು. ಈ ವರ್ಷ ಅವರು ಅದನ್ನು ಮರಳಿ ಕಳಿಸಿದ್ದರಿಂದ ಅವನಿಗೆ ಒಳಗೊಳಗೇ ಉರಿಯಿತ್ತು. ಈಗ ಅವನು ತನ್ನ ವಿಧವೆ ಸೊಸೆ ಶೇವಂತಿಯ ಮುಂಗೈ ಹಿಡಿದು ಎಳೆತಂದಿದ್ದನು.

"ಎರಡು ವರ್ಷಾತು, ನನ್ನ ದೊಡ್ಡ್ಯಾಗ ಮರಿ ಸೊಟ್ಟಗಾಲು ಹುಟ್ಟತಾವು, ಉಸಿರು ಬಿಡತಾವು. ಇಕಿ ಕಣ್ಣ ಕೆಟ್ಟದ್ದು ತಾಯಿ. ನೀವೊಂದು ಮಾತು ಹೇಳ್ರಿ, ಇವತ್ತ ಹಳ್ಳ ದಾಟಿಸಿಬಿಡ್ತೀನಿ."

ಶೇವಂತಿ ತಲೆ ಎತ್ತಲಿಲ್ಲ. ತಾಯಿಯವರು ಕೇಳಿದರು: "ಸತ್ತ ಮರಿಗಳ ತಾಯಿ ಯಾವು? ತಂದಿ ಯಾವುದು?"

"ಸತ್ತದ್ದರ ಲೆಕ್ಕ ಯಾರಿಡತಾರ?"

ತಾಯಿಯವರು ಅವನನ್ನು ಗೋಡೆಯ ಬಳಿಗೆ ಕರೆದೊಯ್ದರು. ಕರಿಗೆರೆಗಳು ಕೆಲವೇ ಕಲ್ಲುಗಳ ಮೇಲಿದ್ದವು. ಅವುಗಳಲ್ಲಿ ಬಹುಪಾಲಿನ ತಲೆಯ ಮೇಲೆ ಅವನ ಟಗರಿನ ಕೋಡಿನ ಗುರುತಿತ್ತು.

"ಈ ಕಲ್ಲಿನ ಕುರಿಗೋಳು ನಿನ್ನ ಟಗರಿನ ಮಕ್ಕಳು. ಮಗಳ ಮ್ಯಾಲ ತಂದೀನೇ ಬಿಟ್ಟಾಗ ಹಿಂಗಾಗೇತಿ. ಶೇವಂತಿ ಈ ಗುಡ್ಡ ಹತ್ತಿದ್ದು ಇವತ್ತ ಮೊದಲು."

ಅಮೋಗೆಪ್ಪನ ಮುಖ ಕಪ್ಪಿಟ್ಟಿತು. ಜೊತೆಗೆ ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡರು. "ನನ್ನ ಟಗರಿಗೆ ಹೆಸರು ಕೆಡಸ್ತೀರಿ? ಗೋಡಿ ಮ್ಯಾಲ ಯಾರರ ಏನರ ಗೀಚಬಹುದು!" ಎಂದು ಅವನು ಕೂಗಿದನು.

ಅಷ್ಟರಲ್ಲಿ ಮೂಲೆಯಲ್ಲಿ ಒಂದು ಕುರಿ ನೆಲ ಕೆರೆಯುತ್ತ ನರಳತೊಡಗಿತು. ಅದೂ ಅವನ ಟಗರಿನ ಮಗಳೇ. ಗೆರೆಗಳನ್ನು ನೋಡಿ ತಾಯಿಯವರು ಟಗರನ್ನು ಮರಳಿ ಕಳಿಸುವ ಮೊದಲೇ ಅದೇ ಟಗರಿಗೆ ಗಬ್ಬವಾಗಿತ್ತು. ಅಮೋಗೆಪ್ಪ ಶೇವಂತಿಯನ್ನು ದೂರದ ಬಂಡೆಯ ಆಚೆಗೆ ಕಳಿಸಿದನು. "ಇಕಿ ಕಣ್ಣಿಲ್ಲದ ಹುಟ್ಟಲಿ. ನೆಟ್ಟಗ ಹುಟ್ಟಿದರ ಇಕಿ ಊರು ಬಿಡಬೇಕು. ಒಪ್ಪತೀರಿ?"

"ನಾ ಒಪ್ಪೂದಿಲ್ಲ. ನೀ ಹೊರಗ ಹಾಕಿದರ ಆಕಿಗೆ ನನ್ನ ದೊಡ್ಡಿ ಐತಿ" ಎಂದು ಹೇಳಿ ತಾಯಿಯವರು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬಳಿಕ ಕಣ್ಣು ಮುಚ್ಚಿ ಮೆಲ್ಲಗೆ ಬೇಡಿಕೊಂಡರು: "ಶಿವನೇ, ನನ್ನ ಗೆರೆ ಸುಳ್ಳಾಗಲಿ. ಮರಿ ಬದುಕಲಿ."

ಅಮೋಗೆಪ್ಪ ಬೆಚ್ಚಿದನು. "ತಾಯಿ, ಮರಿ ಬದುಕಿದರ ನೀವು ಸೋತಂಗಲ್ಲ?"

"ಸೋಲ್ತೀನಿ. ಗೆಲ್ಲಾಕ ಬರೆದದ್ದಲ್ಲಪ್ಪ ಅದು. ಮುಂದಿನ ಜೀವ ಉಳಸಾಕ ಬರೆದದ್ದು."

ಬಿಸಿಲೇರಿತು. ಕೊನೆಗೆ ಮರಿ ಹೊರಬಿತ್ತು. ಹಿಂಗಾಲುಗಳು ಹೊಟ್ಟೆಗೆ ಮಡಚಿಕೊಂಡಿದ್ದವು. ಎರಡು ಸಲ ಬಾಯಿ ತೆರೆದು ಸುಮ್ಮನಾಯಿತು. ತಾಯಿಯವರ ಕಣ್ಣಿನಿಂದ ನೀರು ಇಳಿಯಿತು. ಅಮೋಗೆಪ್ಪ ಆ ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟನು.

ಕುರಿಯ ನರಳಾಟ ನಿಲ್ಲಲಿಲ್ಲ. ತಾಯಿಯವರು ಹೊಟ್ಟೆ ಮುಟ್ಟಿ ನೋಡಿ, "ಇನ್ನೊಂದೈತಿ. ಅಡ್ಡ ಬಿದ್ದೈತಿ. ನನ್ನ ಕೈಯಾಗ ಬಲ ಇಲ್ಲ. ಸಣ್ಣ ಕೈ ಬೇಕು" ಎಂದರು.

ಗಂಡಸರೆಲ್ಲ ತಮ್ಮ ದಪ್ಪ ಬೆರಳುಗಳನ್ನು ನೋಡಿಕೊಂಡರು. ಕುರಿಯ ಕಣ್ಣು ಮೇಲಕ್ಕೆ ತಿರುಗತೊಡಗಿತು. ಆಗ ಅಮೋಗೆಪ್ಪನೇ ಬಂಡೆಯತ್ತ ಓಡಿದನು. "ಶೇವಂತೀ! ಬಾರವ್ವಾ, ಲಗೂನ ಬಾ!"

ಶೇವಂತಿ ಬಂದಳು. ಬಳೆಯಿಲ್ಲದ ಕೈಗೆ ಎಣ್ಣೆ ಹಚ್ಚಿಕೊಂಡು, ಉಸಿರು ಬಿಗಿಹಿಡಿದು, ಒಳಗೆ ಮರಿಯನ್ನು ಮೆಲ್ಲಗೆ ತಿರುಗಿಸಿ ಎಳೆದಳು. ಮರಿ ಅಲುಗಲಿಲ್ಲ. ಅವಳು ಅದರ ಮೂಗನ್ನು ಸೆರಗಿನಿಂದ ಒರೆಸಿ, ಬಾಯಿಗೆ ಬಾಯಿಟ್ಟು ಊದಿದಳು. ಮರಿ ಸೀನಿತು. ಮತ್ತೆ ಸೀನಿತು. ನಡುಗುತ್ತ ನಾಲ್ಕೂ ಕಾಲು ಚಾಚಿತು. ಕಾಲು ನೆಟ್ಟಗಿದ್ದವು.

ತಾಯಿಯವರು ಸುಣ್ಣವನ್ನೂ ಇದ್ದಿಲನ್ನೂ ಅಮೋಗೆಪ್ಪನ ಅಂಗೈಯಲ್ಲಿಟ್ಟರು. "ಎರಡೂ ಎಳಿ."

ಬಿಳಿಗೆರೆಯನ್ನು ಅವನು ಎಳೆದನು. ಬಳಿಕ ಇದ್ದಿಲು ಹಿಡಿದನು. ಕರಿಗೆರೆ ಎಳೆದು, ಅದರ ಮೇಲೆ ತನ್ನ ಟಗರಿನ ಕೋಡನ್ನು ತಾನೇ ಬರೆದು, ತಾಯಿಯವರ ಪಾದಕ್ಕೆ ಬಾಗಿದನು. ಅವರು ಹಿಂದೆ ಸರಿದು ಶೇವಂತಿಯ ಕಡೆ ಕೈ ತೋರಿದರು. ಅವನು ಅವಳ ಮುಂದೆ ಮಣ್ಣಿನಲ್ಲಿ ಕುಸಿದು ಕುಳಿತನು. ಅವಳು ಮರಿಯನ್ನು ಎತ್ತಿಕೊಂಡು, "ಏಳ್ರಿ ಮಾವ, ಈ ಮರಿಗೆ ಹಾಲು ಕುಡಿಸಬೇಕು" ಎಂದಳು.

ಅಂದಿನಿಂದ ಆ ಟಗರನ್ನು ಹಿಂಡಿಗೆ ಬಿಡಲಿಲ್ಲ. ಸಾಯುವವರೆಗೆ ಬೇರೆ ಕಟ್ಟಿ ಸಾಕಿದರು. ಹೊನ್ನಕಟ್ಟಿಯ ದೊಡ್ಡಿಯಲ್ಲಿ ಗೆರೆ ಎಳೆಯುವ ಅಧಿಕಾರ ಶೇವಂತಮ್ಮನವರದಾಯಿತು. ಬೇರೆ ಊರಿನವರು ದೊಡ್ಡಿಯ ಬೇರೊಂದು ಟಗರು ಕೇಳಿಕೊಂಡು ಬಂದರೆ ಅಮೋಗೆಪ್ಪನವರು ಅದರ ಕೋಡನ್ನೋ ಮೈಕಟ್ಟನ್ನೋ ಹೊಗಳುತ್ತಿರಲಿಲ್ಲ. ಬಂದವರನ್ನು ಕೂರಿಸಿ, ಅದಕ್ಕೆ ಹುಟ್ಟಿ ಸತ್ತ ಮರಿಗಳನ್ನು ಮೊದಲು ಹೇಳುತ್ತಿದ್ದರು. ಕೇಳಿ ಕೆಲವರು ಬರಿಗೈಲಿ ಹೊರಡುತ್ತಿದ್ದರು. ಅಮೋಗೆಪ್ಪನವರು ಅವರಿಗೆ ಮಜ್ಜಿಗೆ ಕೊಟ್ಟು, ಊರ ಹೊರಗಿನ ಹಳ್ಳದವರೆಗೆ ಹೋಗಿ ಕಳಿಸಿ ಬರುತ್ತಿದ್ದರು.