ಮೊಣ್ಣಪ್ಪ ತಂದ ಅಗ್ಗದ ಗುಂಡು

ಕೂತ್ಕೊಳ್ಳಿ. ಕಾಲು ಅಲ್ಲಾಡಿಸಬೇಡಿ. ಮಧ್ಯೆ ಎದ್ದು ಹೋದರೆ ಮತ್ತೆ ಮೊದಲಿಂದ ಹೇಳೋಳಲ್ಲ ನಾನು. ಕೊಡಗಿನಲ್ಲಿ ಒಂದು ಊರು, ಅಲ್ಲಿ ಚೀಯವ್ವ ಅಂತ ಒಬ್ಬಳು, ಅವಳಿಗೆ ಮೊಣ್ಣಪ್ಪ ಅಂತ ಒಬ್ಬ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬರೋ ದಾರೀಲಿ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ಅವನ ರೋಗ. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ" ಅಂತ ಚೀಯವ್ವ ದಿನಾ ಬೆಳಗ್ಗೆ ಶುರು ಮಾಡೋಳು.

ಆ ಸೀಮೇಲಿ ಒಂದು ಪದ್ಧತಿ. ಮನೇಲಿ ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸ್ತಾರೆ. ಯಾರಾದರೂ ಸತ್ತರೆ ಎರಡು. ಸದ್ದು ಕೇಳಿದರೆ ಸಾಕು, ಸುತ್ತಲ ಮನೆಯವರು ಹೊರಟು ಬರ್ತಾರೆ. ಚೀಯವ್ವನ ಮಗಳು ಪೂವಿ ತುಂಬಿದ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ಸಲ ಅವಳಿಗೆ ಮಗು ಹುಟ್ಟಿತು, ಅಳಲೇ ಇಲ್ಲ. ಅವತ್ತು ಅಂಗಳದಲ್ಲಿ ಗುಂಡೂ ಹಾರಲಿಲ್ಲ. ಈ ಸಲ ಗಂಡಾಗಲಿ ಹೆಣ್ಣಾಗಲಿ, ಮಗು ಅಳಬೇಕು, ಗುಂಡು ಹಾರಬೇಕು. ಚೀಯವ್ವ ನಿಂತಲ್ಲಿ ನಿಲ್ಲಳು, ಕೂತಲ್ಲಿ ಕೂರಳು, ಒಳಗೆ ಹೋಗ್ತಾಳೆ, ಹೊರಗೆ ಬರ್ತಾಳೆ, ಮತ್ತೆ ಒಳಗೆ ಹೋಗ್ತಾಳೆ.

ಮನೆಯ ಉದ್ದ ಕೋವಿ ದಾಯಾದಿಗಳ ಪಾಲಾಗಿತ್ತು. ಇವಳಿಗೆ ಉಳಿದದ್ದು ಸತ್ತ ಗಂಡನ ಪಿಸ್ತೂಲು. ಪಿಸ್ತೂಲಿದೆ, ಗುಂಡಿಲ್ಲ. ಅಷ್ಟರಲ್ಲಿ ಪೇಟೆಯ ಬಂದೂಕಿನಂಗಡಿಯವ ಮಿಕ್ಕಿದ ಹಳೇ ಗುಂಡನ್ನೆಲ್ಲ ಅರ್ಧ ಬೆಲೆಗೆ ಮಾರ್ತಿದ್ದಾನೆ ಅಂತ ಸುದ್ದಿ ಬಂತು.

"ಹೋಗಿ ತಾರೋ ಮೊಣ್ಣಪ್ಪ. ಅಗ್ಗ ಅಂತ ಕಣ್ಣು ಮುಚ್ಚಿ ತರಬೇಡ. ಚೆನ್ನಾಗಿ ಹೊಳೆಯೋದನ್ನ ನೋಡಿ ತಾ."

ಹೋದ. ಸಂಜೆ ಬಂದ. ಕಣ್ಣು ಕೆಂಪಗಾಗಿ ನೀರು ಸುರೀತಿತ್ತು.

"ಏನೋ ಅದು ಕಣ್ಣು?"

"ಮುಚ್ಚಬೇಡ ಅಂದೆಯಲ್ಲ ಅವ್ವ. ಹೋಗ್ತಾ ಬರ್ತಾ ರೆಪ್ಪೆ ಬಡಿದಿಲ್ಲ."

"ಗುಂಡೆಲ್ಲಿ?"

ಚೀಲದಿಂದ ಒಂದು ಹಿತ್ತಾಳೆ ಪೀಕದಾನಿ ತೆಗೆದಿಟ್ಟ. "ಅಂಗಡೀಲಿ ಇದರಷ್ಟು ಹೊಳೆಯೋದು ಇನ್ನೊಂದಿರಲಿಲ್ಲ. 'ಅದರಲ್ಲಿ ನಾನು ಉಗುಳೋದು ಕಣಯ್ಯ, ಕೊಡಲ್ಲ' ಅಂದ ಅಂಗಡಿಯವ. ನಾನು ಬಿಡಲಿಲ್ಲ."

ಚೀಯವ್ವ ಹಣೆ ಚಚ್ಚಿಕೊಂಡಳು. ಪಕ್ಕದ ಮನೆ ಕುಶಾಲಪ್ಪನ್ನ ಕರೆದಳು. ಆತ ಸೈನ್ಯದಲ್ಲಿದ್ದು ಬಂದವ. ಗುಂಡಿನ ಸದ್ದು ಕೇಳಿ ಕೇಳಿ ಕಿವಿ ಮಂದ, ಆದರೆ ಗುಂಡಿನ ಗುಣ ಅವನಿಗೆ ಗೊತ್ತಿತ್ತು.

"ಹೊಳಪಿಗೆ ಮರುಳಾಗಬೇಡ," ಅಂದ ಕುಶಾಲಪ್ಪ. "ತಲೆಕೆಳಗೆ ಮಾಡಿ ಹಿಡಿ. ತಳದಲ್ಲಿ ಗುಳಿ ಇದೆಯಾ, ಬೇಡ. ಮೈ ನೀಲಿಗಟ್ಟಿದೆಯಾ, ಬೇಡ. ಕತ್ತು ಅಲ್ಲಾಡಿತಾ, ಬೇಡವೇ ಬೇಡ."

ಮಾರನೇ ದಿನ ಮತ್ತೆ ಹೋದ. ಪೀಕದಾನಿ ವಾಪಸ್ ಕೊಟ್ಟು ಗುಂಡಿನ ಡಬ್ಬಿ ತಂದ. ತೆರೆದು ನೋಡಿದರೆ ಅರ್ಧಕ್ಕರ್ಧ ಕಿಲುಬು ಹಿಡಿದಿದೆ.

"ನೋಡಿ ತಂದೆಯೇನೋ ಇದನ್ನ?"

"ನೋಡಿದೆ ಅವ್ವ. ಎರಡು ಡಬ್ಬಿ ಇತ್ತು. ಇದು ಒಳ್ಳೇದಾ ಅಂತ ಮೊದಲನೇದನ್ನ ತೋರಿಸಿ ಕೇಳಿದೆ. ಅಂಗಡಿಯವನ ಕತ್ತು ಹೂಂ ಹೂಂ ಅಂತ ಅಲ್ಲಾಡಿತು. ಬೇಡವೇ ಬೇಡ ಅಂದೆ. ಇದನ್ನ ತೋರಿಸಿ ಕೇಳಿದಾಗ ಕಲ್ಲಿನ ಹಾಗೆ ನಿಂತ. ತಗೊಂಡೆ."

"ಪೆದ್ದೇ, ಗುಂಡಿನ ಕತ್ತು ಕಣೋ, ಅಂಗಡಿಯವಂದಲ್ಲ," ಅಂದ ಗುಂಡು ನೋಡೋಕೆ ಬಂದಿದ್ದ ಕುಶಾಲಪ್ಪ. "ಹೋಗಲಿ ಬಿಡು. ಕಣ್ಣಲ್ಲಿ ನೋಡಿದರೆ ಅರ್ಧ ಗೊತ್ತಾಗುತ್ತೆ. ಪೂರ್ತಿ ಗೊತ್ತಾಗೋದು ತಳಕ್ಕೆ ಏಟು ಬಿದ್ದಾಗಲೇ. ಒಂದೇಟಿಗೆ ಸದ್ದು ಬರಲಿಲ್ಲ ಅಂತ ಎಸೀಬೇಡ, ಇನ್ನೊಂದೇಟು ಕೊಟ್ಟು ನೋಡು. ಬೆಳಗ್ಗೆ ಪರೀಕ್ಷೆ ಮಾಡು."

ಬೆಳಗ್ಗೆ ಚೀಯವ್ವ ಸೌದೆಗೆ ಹೋಗಿದ್ದಳು. ಮೊಣ್ಣಪ್ಪ ಅಂಗಳದಲ್ಲಿ ನಿಂತು ಪರೀಕ್ಷೆ ಮಾಡಿದ. ಢಂ. ಅಗ್ಗದ್ದಾದರೂ ಹಾರಿತು. ಅವಳು ತಿರುಗಿ ಬರೋ ಹೊತ್ತಿಗೆ ಅಂಗಳ ತುಂಬ ಹೆಂಗಸರು, ಒಬ್ಬಳ ಕೈಲಿ ತುಪ್ಪ, ಒಬ್ಬಳ ಕೈಲಿ ಬೆಲ್ಲ, ಸೂಲಗಿತ್ತಿ ದೇಚವ್ವ ನನ್ನ ಬಿಟ್ಟು ಹೆರಿಗೆ ಯಾರು ಮಾಡಿಸಿದರು ಅಂತ ಜಗಳಕ್ಕೇ ನಿಂತಿದ್ದಳು. ಪೂವಿ ಅಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡು ಜಗಲೀಲಿ ಕಿತ್ತಳೆ ತಿಂತಿದ್ದಳು.

"ಮಾನ ಕಳೆದೆಯಲ್ಲೋ," ಅಂದಳು ಚೀಯವ್ವ. "ಒಂದು ಹಾರಿಸಿದರೆ ಮಗು ಹುಟ್ಟಿತು ಅಂತ. ಇನ್ನು ಮೇಲೆ ಪರೀಕ್ಷೆಗೆ ಅಂತ ಒಂದು ಹಾರಿಸಿದೆಯೋ, ಕೈ ಮುರೀತೀನಿ."

ಒಂದು ಹಾರಿಸಬಾರದು. ಸರಿ. ಮಾರನೇ ದಿನ ಎರಡು ಹಾರಿಸಿದ.

ಈ ಸಲ ಜನ ಬಿಳಿ ಬಟ್ಟೆ ಉಟ್ಟು ಬಂದರು. "ಅಯ್ಯೋ ಚೀಯವ್ವ, ನಿನ್ನ ಕೈ ಅನ್ನ ಎಷ್ಟು ಉಂಡಿದ್ದೆನೇ" ಅಂತ ಕುಶಾಲಪ್ಪ ಎದೆ ಬಡ್ಕೊಂಡು ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಚೀಯವ್ವ ಪೊರಕೆ ಹಿಡಿದು ನಿಂತಿದ್ದಳು. ಅಷ್ಟು ಜನ ತನಗೆ ಅಳೋದು ನೋಡಿ ಅವಳಿಗೂ ಅಳು ಬಂತು, ಆಮೇಲೆ ಸಿಟ್ಟು ಬಂತು.

"ಕೇಳೋ ಇಲ್ಲಿ. ಒಂದು ಸದ್ದಾದರೆ ಮಗು. ಅದರ ಹಿಂದೆ ಎರಡನೇದು ಬಂತೋ, ಮನೇಲಿ ಹೆಣ. ತಲೆಗೆ ಹೋಯ್ತಾ?"

"ಹೋಯ್ತು ಅವ್ವ."

ಹೋಗಿತ್ತು, ನಿಜವಾಗಿ ಹೋಗಿತ್ತು. ಉಳಿದ ಗುಂಡನ್ನೆಲ್ಲ ಅವಳು ಕಿತ್ಕೊಂಡು ದಿಂಬಿನ ಕೆಳಗಿಟ್ಟಳು. ಅದರಲ್ಲಿ ಒಂದಾದರೂ ಹಾರುತ್ತೋ ಇಲ್ಲವೋ ದೇವರೇ ಬಲ್ಲ ಅಂತ ಅವಳಿಗೆ ನಿದ್ದೆಯೇ ಹತ್ತಲಿಲ್ಲ.

ನಾಲ್ಕು ದಿನ ಕಳೆದು ಬೆಳಗ್ಗೆ ಪೂವಿಗೆ ನೋವು ಬಂತು. ದೇಚವ್ವ ಒಳಗೆ, ಚೀಯವ್ವ ಒಳಗೆ ಹೊರಗೆ, ಮೊಣ್ಣಪ್ಪ ಬಾಗಿಲ ಹತ್ತಿರ. ಮಧ್ಯಾಹ್ನಕ್ಕೆ ಮಗು ಹುಟ್ಟಿತು. ಆಮೇಲೆ ಏನೂ ಕೇಳಲಿಲ್ಲ. ದೇಚವ್ವ ಮಗುವಿನ ಬಾಯಿ ಒರೆಸಿದಳು, ಮೈ ಉಜ್ಜಿದಳು, ಕೊನೆಗೆ ಬಟ್ಟೆ ಮೇಲೆ ಮಲಗಿಸಿ ಮುಖ ತಿರುಗಿಸಿದಳು.

"ಸದ್ದೇ ಬರಲಿಲ್ಲ ಚೀಯವ್ವ."

ಚೀಯವ್ವ ಹೊಸ್ತಿಲ ಮೇಲೇ ಕುಸಿದಳು. ಪೂವಿ ಗೋಡೆ ಕಡೆ ತಿರುಗಿದಳು. ಸದ್ದು ಬರಲಿಲ್ಲ ಅಂದದ್ದು ಮೊಣ್ಣಪ್ಪನ ಕಿವಿಗೆ ಬಿತ್ತು. ಅದು ಅವನಿಗೆ ಗೊತ್ತಿದ್ದ ವಿಷಯ. ಅಮ್ಮನ್ನ ದಾಟಿ ಒಳಗೆ ಹೋದ, ಮಗುವಿನ ಕಾಲು ಹಿಡಿದು ತಲೆಕೆಳಗೆ ಎತ್ತಿದ.

"ಕತ್ತು ಅಲ್ಲಾಡ್ತಿದೆ ಅವ್ವ. ಮೈ ನೀಲಿಗಟ್ಟಿದೆ. ತಳದಲ್ಲಿ ಗುಳಿಯೂ ಇದೆ. ಇದೂ ಅರ್ಧ ಬೆಲೆ ಮಾಲೇ."

"ಇಳಿಸೋ ಪಾಪಿ," ಅಂದಳು ದೇಚವ್ವ.

ಅವನು ತಳಕ್ಕೆ ಒಂದೇಟು ಕೊಟ್ಟ. ಸದ್ದಿಲ್ಲ. "ಎಸೀಬೇಡಿ ಎಸೀಬೇಡಿ," ಅಂತ ಇನ್ನೊಂದೇಟು ಕೊಟ್ಟ.

ಮಗು ಕಿಟಾರನೆ ಕಿರುಚಿತು. ಮನೆ ಹಂಚು ಹಾರೋ ಹಾಗೆ ಕಿರುಚಿತು. ನೀಲಿ ಮೈ ಕೆಂಪಾಯ್ತು. ದೇಚವ್ವ ಅದನ್ನ ಕಿತ್ಕೊಂಡು ಪೂವಿಯ ಎದೆ ಮೇಲಿಟ್ಟಳು. ಪೂವಿ ಅಳ್ತಾಳೆ, ಮಗು ಅಳುತ್ತೆ, ಚೀಯವ್ವ ಅಳ್ತಾ ಅಳ್ತಾ ದಿಂಬಿನ ಕೆಳಗಿಂದ ಗುಂಡು ತೆಗೆದು, ಪಿಸ್ತೂಲಿಗೆ ತುಂಬಿ, ಮಗನ ಕೈಗೆ ಕೊಟ್ಟಳು.

"ಹಾರಿಸೋ ನನ್ನಪ್ಪ. ಹೆಣ್ಣು ಮಗು. ಹಾರಿಸು."

ಮೊಣ್ಣಪ್ಪ ಪಿಸ್ತೂಲನ್ನ ಮೆಲ್ಲಗೆ ನೆಲಕ್ಕಿಟ್ಟ. "ಇಲ್ಲ ಅವ್ವ. ಒಂದು ಸದ್ದಾಯ್ತಲ್ಲ. ಈಗ ಹಾರಿಸಿದರೆ ಎರಡಾಗುತ್ತೆ."

ಅಂಗಲಾಚಿದಳು, ಗದರಿದಳು, ಹೊಡೆಯೋಕೆ ಕೈ ಎತ್ತಿ ಇಳಿಸಿದಳು. ಅವನು ಮುಟ್ಟಲಿಲ್ಲ.

"ಹಾಗಾದರೆ ಮನೆಮನೆಗೆ ಹೋಗಿ ಬಾಯಲ್ಲೇ ಹಾರಿಸಿ ಬಾ, ಹೋಗು."

ಹೊರಟ. ಮೊದಲು ಕುಶಾಲಪ್ಪನ ಬಾಗಿಲು ತಟ್ಟಿ, ಎದುರಿಗೆ ನೇರ ನಿಂತು, "ಢಂ" ಅಂದ.

"ಏನಂದೆ? ಕೇಳಲಿಲ್ಲ, ಇನ್ನೊಂದು ಸಲ ಹೇಳು," ಅಂದ ಕುಶಾಲಪ್ಪ.

ಮೊಣ್ಣಪ್ಪ ಎರಡೂ ಕೈಲಿ ಬಾಯಿ ಮುಚ್ಚಿಕೊಂಡ. ಕುಶಾಲಪ್ಪ ಬೈದ, ಭುಜ ಹಿಡಿದು ಅಲ್ಲಾಡಿಸಿದ, ಪೂವಿಗೇನಾಯ್ತೋ ಅಂತ ಗೋಗರೆದ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಕುಶಾಲಪ್ಪನ ಹೆಂಡತಿ ಊಟ ತಂದಿಟ್ಟರೂ ಬಾಯಿಂದ ಕೈ ತೆಗೀಲಿಲ್ಲ. ಕಣ್ಣಲ್ಲಿ ನೀರು ಇಳೀತಿತ್ತು. ಸಂಜೆ ಚೀಯವ್ವ ಹುಡುಕ್ಕೊಂಡು ಬಂದಾಗಲೂ ಹಾಗೇ ಕೂತಿದ್ದ.

ಅವಳು ಪಕ್ಕದಲ್ಲಿ ಕೂತಳು. ಅವನು ಒಂದು ಬೆರಳು ಮಾತ್ರ ಸರಿಸಿ ಪಿಸುಗುಟ್ಟಿದ. "ಮಗು ಇದೆಯಾ ಅವ್ವ?"

"ಇದೆ ಕಣೋ. ಹಾಲು ಕುಡಿದು ಮಲಗಿದೆ."

ಅವನು ತಲೆಯಾಡಿಸಿ, ಆ ಬೆರಳಿಂದಲೂ ಮತ್ತೆ ಬಾಯಿ ಮುಚ್ಚಿಕೊಂಡ.