ಅಡುಗೆಮನೆಗೆ ಬಿದ್ದ ಬೀಗ

ಹೊಂಗೆಪುರದ ದೊರೆ ಚೆಲುವರಾಜನಿಗೆ ತನ್ನ ಟ್ರಾಮಿನ ಮೇಲೆ ಇದ್ದಷ್ಟು ಮೋಹ ಪಟ್ಟದ ರಾಣಿಯ ಮೇಲೂ ಇತ್ತೋ ಇಲ್ಲವೋ! ಎರಡು ಕುದುರೆ ಎಳೆಯುವ, ಕಬ್ಬಿಣದ ಹಳಿಯ ಮೇಲೆ ಗಡಗಡ ಉರುಳುವ ಗಾಡಿ ಅದು. ಅರಮನೆಯಿಂದ ಸಂತೆಪೇಟೆವರೆಗೆ ಓಡುತ್ತಿತ್ತು. ಅದನ್ನು ಊರಾಚೆಗೆ ಇನ್ನೂ ಮೂರು ಮೈಲಿ ಬೆಳೆಸಬೇಕೆಂದು ದೊರೆಗೆ ಹುಕಿ ಬಂತು.

ಊರಾಚೆಗೆ ದಾರಿ ಎರಡು. ಒಂದು ನೇಕಾರರ ಪಾಳ್ಯಕ್ಕೆ, ಇನ್ನೊಂದು ದಿವಾನ್ ವೆಂಕೋಬರಾಯರ ಮಾವಿನ ತೋಪಿಗೆ.

ತುಂಬಿದ ಸಭೆಯಲ್ಲಿ ದಿವಾನರು ಎದೆಯುಬ್ಬಿಸಿ ನಿಂತರು. "ಮಹಾಪ್ರಭು, ನಾನು ಬಾಯಿಗೆ ಬಂದದ್ದು ಹೇಳುವವನಲ್ಲ. ಪಾಳ್ಯದ ದಾರಿಯಲ್ಲಿ ಆಳು ಕೂರಿಸಿ, ಹೊತ್ತು ಹುಟ್ಟಿದಾಗಿಂದ ಮುಳುಗುವವರೆಗೆ ಎಣಿಸಿದ್ದೇನೆ. ಊರ ಕಡೆಗೆ ಒಂದು ನರಪಿಳ್ಳೆಯೂ ಬರಲಿಲ್ಲ! ಓಡಾಡುವವರೇ ಇಲ್ಲದ ಕಡೆಗೆ ಹಳಿ ಯಾಕೆ? ಎಣಿಕೆ ಸುಳ್ಳು ಹೇಳುತ್ತದೆಯೇ?"

"ಭೇಷ್! ಹಾಗಾದರೆ ಹಳಿ ತೋಪಿಗೇ ಹೋಗಲಿ. ಬರುವ ದ್ವಾದಶಿ ಬೆಳಿಗ್ಗೆ ಮುದ್ರೆ ಒತ್ತುತ್ತೇನೆ" ಎಂದ ದೊರೆ.

ಸಭೆಯಲ್ಲಿ ಕೋನೇರಪ್ಪನೂ ಇದ್ದ. ದೊರೆಯನ್ನು ನಗಿಸುವುದು ಅವನ ಕೆಲಸ. ಈ ಎಣಿಕೆ ಮಾತ್ರ ಅವನಿಗೆ ನಂಬಿಕೆಯಾಗಲಿಲ್ಲ. ಸಂಜೆ ನೆಟ್ಟಗೆ ಪಾಳ್ಯಕ್ಕೆ ನಡೆದ. ಅಲ್ಲಿ ಸಣ್ಣೀರವ್ವ ಎಂಬ ನೇಕಾರರ ಹೆಂಗಸು ಬಾಗಿಲಲ್ಲೇ ಸಿಕ್ಕಳು.

"ಏನವ್ವಾ, ನಿಮ್ಮ ದಾರೀಲಿ ಯಾರೂ ಓಡಾಡೋದೇ ಇಲ್ಲವಂತಲ್ಲ?"

"ಅಯ್ಯೋ, ಹಾಗಂದವರ ಬಾಯಿಗೆ ಮಣ್ಣು ಬೀಳ! ಸೀರೆಗಂಟು ಹೊತ್ತು ದಿನಾ ಮೂರು ಮೈಲಿ ನಡೆದು ನನ್ನ ಕತ್ತೇ ಕುಸಿದುಹೋಗಿದೆ. ಮೊನ್ನೆ ನಡುದಾರೀಲಿ ಮಳೆ ಹೊಡೆದು ಹದಿನೈದು ದಿನದ ನೇಯ್ಗೆ ಬಣ್ಣ ಬಿಟ್ಕೊಂಡು ಹೋಯ್ತು. ಟ್ರಾಮು ಬಂದ್ರೆ ಬದುಕ್ಕೋತೀವಿ ಅಂದ್ಕೊಂಡಿದ್ವಿ. ಆ ಆಳು ಬಂದು ಕೂತಿದ್ದು ಅಮಾಸೆ ದಿನ ಕಣಪ್ಪಾ! ಅಮಾಸೆ ದಿನ ನಾವು ಮಗ್ಗಾನೂ ಮುಟ್ಟಲ್ಲ, ಗಂಟೂ ಎತ್ತಲ್ಲ. ಕೂಸಿಗೂ ಗೊತ್ತಿರೋ ಮಾತು" ಎಂದು ಕಣ್ಣೊರೆಸಿಕೊಂಡಳು.

ಕೋನೇರಪ್ಪನಿಗೆ ದಿವಾನರ ಆಟ ತಿಳಿದುಹೋಯಿತು. ಆದರೆ ಮರುದಿನ ದೊರೆಯ ಮುಂದೆ ನಿಂತಾಗ ಮುಖದ ತುಂಬ ನಗು.

"ಮಹಾಪ್ರಭು, ದಿವಾನರ ಎಣಿಕೆ ನನಗೆ ಬಹಳ ಹಿಡಿಸಿತು. ಅರಮನೆಯಲ್ಲೂ ಹಾಗೇ ಒಂದು ದಿನ ಕೂತು ಎಣಿಸಿ, ಯಾರಿಗೂ ಬೇಡದ್ದನ್ನು ಮುಚ್ಚಿಸಿಬಿಡಲೇ?"

"ಧಾರಾಳವಾಗಿ!" ಎಂದ ದೊರೆ. ದಿವಾನರಂತೂ ಉಬ್ಬಿಹೋಗಿ ತಾವೇ ಅಪ್ಪಣೆ ಬರೆದುಕೊಟ್ಟರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ನೋಡಿ.

ಏಕಾದಶಿ ಬಂತು. ಅಂದು ದೊರೆಯಿಂದ ಹಿಡಿದು ಕಸ ಗುಡಿಸುವವರವರೆಗೆ ಅರಮನೆಗೆ ಅರಮನೆಯೇ ನಿಟ್ಟುಪವಾಸ. ಕೋನೇರಪ್ಪ ಬೆಳಗಿನಿಂದ ಸಂಜೆವರೆಗೆ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ.

ದ್ವಾದಶಿ ಬೆಳಗಾಯಿತು. ದೊರೆ ಪೂಜೆ ಮುಗಿಸಿ, ಬಿಸಿ ಅನ್ನ, ಅಗಸೆ ಸೊಪ್ಪಿನ ಪಲ್ಯ, ತುಪ್ಪ ನೆನೆಯುತ್ತ ದಿವಾನರ ಜೊತೆ ಊಟಕ್ಕೆ ಬಂದ. ನೋಡಿದರೆ ಅಡುಗೆಮನೆಗೆ ತೆಂಗಿನಕಾಯಿ ಗಾತ್ರದ ಬೀಗ! ಅಡುಗೆಯವರೆಲ್ಲ ಜಗಲಿಯ ಮೇಲೆ ಆಕಳಿಸುತ್ತಿದ್ದರು.

"ಯಾವನೋ ಬೀಗ ಹಾಕಿದವನು?" ದೊರೆ ಗುಡುಗಿದ.

"ನಾನೇ ಮಹಾಪ್ರಭು" ಎಂದು ಕೋನೇರಪ್ಪ ಮುಂದೆ ಬಂದ. "ಅಪ್ಪಣೆಯಂತೆ ನಿನ್ನೆ ಇಡೀ ದಿನ ಎಣಿಸಿದೆ. ಒಂದು ಎಲೆ ಹಾಕಲಿಲ್ಲ, ಒಂದು ಅಗುಳು ಬೇಯಲಿಲ್ಲ. ಉಣ್ಣುವವರೇ ಇಲ್ಲದ ಮೇಲೆ ಅಡುಗೆಮನೆ ಯಾಕೆ?"

ಹಸಿವಿಗೆ ಕಣ್ಣು ಕತ್ತಲಿಡುತ್ತಿದ್ದ ದಿವಾನರು ಹೌಹಾರಿದರು. "ಎಲಾ ಮುಟ್ಠಾಳ! ನಿನ್ನೆ ಏಕಾದಶಿಯಲ್ಲವೇನೋ! ಏಕಾದಶಿ ದಿನ ಕೂತು ಎಣಿಸಿದರೆ ಇನ್ನೇನಾಗುತ್ತೆ?"

ಕೋನೇರಪ್ಪ ನಯವಾಗಿ ಕೈಮುಗಿದ. "ಅಮಾವಾಸ್ಯೆ ದಿನ ನೇಕಾರರ ದಾರಿಯಲ್ಲಿ ಕೂತು ಎಣಿಸಿದರೆ ಏನಾಗುತ್ತೋ ಅದೇ ಆಗುತ್ತೆ, ಸ್ವಾಮಿ!"

ದಿವಾನರ ಮುಖ ಹುಳಿ ಹಿಂಡಿದಂತಾಯಿತು. ದೊರೆ ಒಮ್ಮೆ ಅವರನ್ನು ನೋಡಿದ, ಒಮ್ಮೆ ಬೀಗ ನೋಡಿದ, ಖಾಲಿ ಹೊಟ್ಟೆ ಹಿಡಿದುಕೊಂಡು ನಕ್ಕೇ ನಕ್ಕ.

"ಹಳಿ ನೇಕಾರರ ಪಾಳ್ಯಕ್ಕೇ ಹೋಗಲಿ! ಮೊದಲು ಬಾಗಿಲು ತೆಗಿ ಮಾರಾಯ. ನಿನಗೇನು ಬಹುಮಾನ ಬೇಕು, ಕೇಳು."

"ಇವತ್ತು ನನಗೂ ಒಂದು ಎಲೆ ಹಾಕಿಸಿ, ಮಹಾಪ್ರಭು. ನಾನು ತಿನ್ನುವ ಹೋಳಿಗೆ ಎಣಿಸಲು ಮಾತ್ರ ದಿವಾನರನ್ನು ಕೂರಿಸಬೇಡಿ!"