ದೊಡ್ಡ ಗಾಲಿ, ಹಳೆಯ ಮುಳ್ಳು

ಹೊಳೆದಂಡೆಯ ಮಠದಲ್ಲಿ ಅಡಿವೆಯ್ಯನೆಂಬ ಶಿಷ್ಯನಿದ್ದ. ಮಠದ ಜೀಪು ಓಡಿಸುವುದು ಅವನ ಸೇವೆ.

ಆವತ್ತು ಬೆಳಿಗ್ಗೆ ಅವನ ಅಂಗಾಲಿನ ಉರಿ ನೆತ್ತಿಗೇರಿತ್ತು.

ಹಿಂದಿನ ದಿನ ಸಂತೆಯಿಂದ ಬರುವಾಗ ಕಾಲುವೆಯ ದಿಬ್ಬದ ಮೇಲೆ ಜೀಪು ಎಗರಿ, ಹಿಂದೆ ಕೂತಿದ್ದ ನಿಂಬೆವ್ವನ ಬಲಗೈ ಮುರಿದಿತ್ತು. ನಿಂಬೆವ್ವ ಮಠದ ದಾಸೋಹಕ್ಕೆ ರೊಟ್ಟಿ ಬಡಿಯುವ ಮುದುಕಿ.

"ಗಾಳಿ ಹಾಂಗ ಹೊಡದಾನ" ಎಂದು ಆ ಸಂಜೆ ಆಕೆ ಎಲ್ಲರ ಮುಂದೆ ಅಂದಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ?"

ಅಡಿವೆಯ್ಯ ಸೀದಾ ಒಳಗೆ ಹೋಗಿ ಹಿರಿಯ ಗುರುಗಳ ಗದ್ದಿಗೆಯ ಮೇಲೆ ಬಲಗೈ ಇಟ್ಟ. "ಜೀಪಿನ ಮುಳ್ಳು ನಲವತ್ತು ದಾಟಿಲ್ಲ. ಈಕಿ ಹೇಳೂದು ಸುಳ್ಳು" ಎಂದು ಆಣೆ ಮಾಡಿದ.

ಗದ್ದಿಗೆ ಮುಟ್ಟಿ ಆಡಿದ ಮಾತಿಗೆ ಆ ಮಠದಲ್ಲಿ ಎದುರುಮಾತಿಲ್ಲ. ನಿಂಬೆವ್ವ ಸುಳ್ಳುಗಾರ್ತಿಯಾದಳು. ಬೆಳಗಾಗುತ್ತಲೇ ಎಡಗೈಲಿ ಗಂಟು ಹಿಡಿದು, ಊರು ಬಿಡಲು ದೋಣಿ ಕಾಯುತ್ತ ಹೊಳೆಯ ಕಟ್ಟೆಯ ಮೇಲೆ ಕೂತಳು. ಮಠದವರೆಲ್ಲ ನೋಡಿದರು. ಒಬ್ಬರೂ ತಡೆಯಲಿಲ್ಲ.

"ಕೀಲಿ ಕೊಡು" ಅಂದರು ಅಜ್ಜಾರು. ಮಠದ ಗುರುಗಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ.

ಅಡಿವೆಯ್ಯ ಕೀಲಿಯನ್ನು ಕೊಟ್ಟ ಅನ್ನುವುದಕ್ಕಿಂತ ಎಸೆದ ಅನ್ನುವುದೇ ಸರಿ.

"ನನ್ನ ತಪ್ಪೇನೈತ್ರೀ ಅಜ್ಜಾರ? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ನೀವ ಕಲಸೀರಿ. ನಾ ದಾರಿ ತುಂಬ ಮೀಟರ ನೋಡಕೋತ ಬಂದೀನಿ. ಮುಳ್ಳು ಕೂದಲೆಳಿಯಷ್ಟೂ ಮ್ಯಾಲೆ ಏರಿಲ್ಲ!"

"ಆಕಿ ಕೈ?"

"ಅದಕ್ಕ ಮರಗತೀನಿ. ಆದ್ರ ಸುಳ್ಳ ಯಾಕ ಹೇಳಬೇಕು? ಆಕಿ ರೊಟ್ಟಿ ತಿಂದೀನಿ ಅಂತ ಆಕಿ ಸುಳ್ಳೂ ನುಂಗಲಿ?"

ಅವನ ಸಿಟ್ಟಿನಲ್ಲಿ ಕಪಟವಿರಲಿಲ್ಲ. ಅಂಥ ಸಿಟ್ಟೇ ಹೆಚ್ಚು ಕಷ್ಟ. ಅದಕ್ಕೆ ನಾಚಿಕೆ ಗೊತ್ತಿರುವುದಿಲ್ಲ.

ಅಜ್ಜಾರು ಎದ್ದರು. "ಕೊಟ್ಟಿಗ್ಯಾಗ ಒಗದೀಯಲ್ಲ, ಆ ಹಳೇ ಗಾಲಿ ತಾ. ಜೀಪಿನ ಸ್ಟೆಪ್ನೀನೂ ತಾ."

ಉಸುಕಿನಲ್ಲಿ ಜೀಪು ಹೂತುಕೊಳ್ಳುತ್ತದೆಂದು ಅಡಿವೆಯ್ಯನೇ ಈಚೆಗೆ ಸ್ಟೆಪ್ನಿಯೂ ಸೇರಿ ಎಲ್ಲ ಗಾಲಿ ತೆಗೆಸಿ ದೊಡ್ಡ ಟಾಯರಿನ ಗಾಲಿ ಹಾಕಿಸಿದ್ದ. ಹಳೆಯದೊಂದು, ಹೊಸದೊಂದು ಗಾಲಿಯನ್ನು ಗೊಣಗುತ್ತ ಹೊಳೆಯ ಉಸುಕಿಗೆ ತಂದ. ಅಜ್ಜಾರು ಎರಡರ ಮೇಲೂ ವಿಭೂತಿಯಿಂದ ಒಂದೊಂದು ಗೆರೆ ಎಳೆದರು.

"ಗೆರಿ ನೆಲಕ್ಕ ಹಚ್ಚಿ ನಿಲ್ಲಸು. ಒಂದ ಜಾಗಾದಿಂದ ಒಂದೊಂದ ಸುತ್ತು ಉಳ್ಳಸು."

ಹಳೆಯ ಗಾಲಿ ಒಂದು ಸುತ್ತು ಬಂತು. ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಅಡಿವೆಯ್ಯ ಕಲ್ಲು ಇಟ್ಟ. ಹೊಸ ಗಾಲಿ ಆ ಕಲ್ಲನ್ನು ದಾಟಿ ಮುಂದೆ ಹೋಯಿತು. ಅದರ ಗೆರೆ ನೆಲ ಮುಟ್ಟಿದ್ದು ಒಂದು ಗೇಣು ಆಚೆಗೆ.

"ಮೀಟರ ಏನ ಎಣಸತೈತಿ?"

"ಗಾಲಿ ಸುತ್ತು."

"ಯಾವ ಗಾಲಿ ಅಂತ ತಿಳಕೊಂಡು?"

ಅಡಿವೆಯ್ಯ ಎರಡು ಗುರುತುಗಳ ನಡುವಿನ ಗೇಣು ಉಸುಕನ್ನೇ ನೋಡಿದ. ಸುತ್ತಿಗೊಂದು ಗೇಣು ಹೆಚ್ಚು ಓಡಿದ್ದು ಮೀಟರಿನ ಲೆಕ್ಕಕ್ಕೆ ಬಂದೇ ಇರಲಿಲ್ಲ.

"ಟಾಯರ ಹಾಕಿದಾತ ಏನ ಹೇಳಿ ಕಳಿಸಿದ್ದ?"

'ಮೀಟರೂ ಸರಿ ಮಾಡಿಸಿಕೊಳ್ರಿ' ಎಂದಿದ್ದ. ಟಾಯರು ಹೊರಗೆ, ಮೀಟರು ಒಳಗೆ, ಎತ್ತಣಿಂದೆತ್ತ ಸಂಬಂಧ ಎಂದು ಅಡಿವೆಯ್ಯ ನಕ್ಕು ಬಂದಿದ್ದ. ಈಗ ಅದು ನೆನಪಾಗಿ ಮುಖ ಬಿಸಿಯಾಯಿತು. ಆದರೂ ಸಿಟ್ಟು ಇಳಿಯಲೊಲ್ಲದು.

"ಹಂಗಾರ ಸುಳ್ಳ ಹೇಳಿದ್ದು ಮೀಟರ! ನಾನಲ್ಲ!"

"ಮೀಟರ ಸುಳ್ಳ ಹೇಳಿಲ್ಲೋ. ನೀ ತಗದ ಒಗದ ಗಾಲಿದು ಖರೇನ ಹೇಳೇತಿ."

"ನಾನೂ ಕಂಡದ್ದನ್ನ ಹೇಳೀನಿ!"

"ಆಕಿ ಉಂಡದ್ದನ್ನ ಹೇಳ್ಯಾಳ."

"ಖರೇ ಇದ್ರ ಆಕೀನೂ ಗದ್ದಿಗಿ ಮುಟ್ಟಬೇಕಿತ್ತು. ಯಾಕ ಮುಟ್ಟಲಿಲ್ಲ?"

ಅಜ್ಜಾರ ದನಿ ಮೊದಲ ಸಲ ಏರಿತು.

"ಮುಟ್ಟೂ ಕೈ ನೀ ಮುರದಿದ್ದಿ!"

ಅಷ್ಟು ಹೊತ್ತೂ ಮುದುಕಿಯ ಮೇಲಿದ್ದ ಅಡಿವೆಯ್ಯನ ಸಿಟ್ಟೆಲ್ಲ ತಿರುಗಿ ಅವನ ಮೇಲೆಯೇ ಬಂತು. ಗದ್ದಿಗೆ ಮುಟ್ಟಿದ ತನ್ನ ಬಲಗೈ ಕಂಡು ಅಸಹ್ಯವಾಯಿತು.

ಹೊಳೆಯಲ್ಲಿ ಹುಟ್ಟಿನ ಸದ್ದು ಕೇಳಿತು. ದೋಣಿ ಕಟ್ಟೆಯ ಹತ್ತಿರ ಬರುತ್ತಿತ್ತು. ನಿಂಬೆವ್ವ ಗಂಟು ಎತ್ತಿಕೊಂಡು ಎದ್ದು ನಿಂತಿದ್ದಳು.

"ಕೀಲಿ ಕೊಡ್ರಿ ಅಜ್ಜಾರ! ಜೀಪ ತಗೊಂಡ ಹೋದ್ರ ಸಿಗತಾಳ. ಕಾಲ ಹಿಡದು ಕರಕೊಂಡ ಬರತೀನಿ."

ಅಜ್ಜಾರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಓಡು. ಎಷ್ಟ ಜೋರ ಬಂದಿ ಅನ್ನೂದನ್ನ ಈ ಸಲಾನೂ ಆಕೀನ ಹೇಳಲಿ."